ಚಾರಣವೋ, ಸೈಕಲ್ಲೋ, ಹಕ್ಕಿಯೋ, ಡೊಳ್ಳೋ: ಮಲೆನಾಡಿನ ಬಿಡುವಿಗೆ ಯಾವುದು ಒಗ್ಗುತ್ತದೆ?

ಶಿವಮೊಗ್ಗಕ್ಕೆ ವರ್ಗವಾಗಿ ಬಂದವರು, ನಿವೃತ್ತರಾಗಿ ಊರಿಗೆ ಮರಳಿದವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಸಾಗರದ ಅಥವಾ ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಕುಳಿತೇ ಮಾಡುವವರು, ಹೀಗೆ ಮೂರೂ ಬಗೆಯ ಜನ ಒಂದಲ್ಲ ಒಂದು ದಿನ ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಭಾನುವಾರ ಏನು ಮಾಡುವುದು? ಉತ್ತರವಾಗಿ ಅವರಿಗೆ ಸಿಗುವುದು ಸ್ಥಳಗಳ ಪಟ್ಟಿ. ಜೋಗ, ಆಗುಂಬೆ, ಕೊಡಚಾದ್ರಿ, ಸಕ್ರೆಬೈಲು. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ನಾಲ್ಕು ಭಾನುವಾರಗಳಲ್ಲಿ ಅದು ಮುಗಿದುಹೋಗುತ್ತದೆ, ಐದನೆಯ ಭಾನುವಾರ ಮತ್ತೆ ಮೊಬೈಲು ಹಿಡಿದು ಕೂರುವುದೇ ಆಗುತ್ತದೆ. ಆದ್ದರಿಂದ ಇಲ್ಲಿ ಸ್ಥಳಗಳನ್ನು ಬದಿಗಿಟ್ಟು, ವರ್ಷವಿಡೀ ಅಥವಾ ವರ್ಷದ ಬಹುಪಾಲು ನಡೆಸಿಕೊಂಡು ಹೋಗಬಹುದಾದ ಚಟುವಟಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ.

ಹೋಲಿಕೆಗೆ ನಾನು ಇಟ್ಟುಕೊಂಡ ಅಳತೆಗೋಲುಗಳು ಸರಳವಾದವು. ಮಳೆಗಾಲದಲ್ಲಿ ಅದು ನಡೆಯುತ್ತದೆಯೇ? ಮನೆಯಿಂದ ಎಷ್ಟು ದೂರ? ಮಂಡಿಯೂ ಜೇಬೂ ಅದನ್ನು ತಾಳುತ್ತವೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ನಾವು ಒಂದು ವಾರ ಹೋಗದಿದ್ದರೆ 'ಯಾಕೆ ಬರಲಿಲ್ಲ' ಎಂದು ಕೇಳುವವರು ಅಲ್ಲಿ ಯಾರಾದರೂ ಇರುತ್ತಾರೆಯೇ? ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳನ್ನು ಒಬ್ಬರೇ ತುಂಬಿಸಿಕೊಳ್ಳಲು ಹೊರಟವರು ಎರಡನೆಯ ತಿಂಗಳಿಗೆ ಕೈಬಿಡುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ನಾನೂ ಅವರಲ್ಲೊಬ್ಬ, ಹಟ ಹಿಡಿದು ಕೊಂಡ ಗೇರ್ ಸೈಕಲ್ಲಿನ ಮೇಲೆ ಒಂದಿಡೀ ಮಳೆಗಾಲ ನಮ್ಮ ಮನೆಯ ಒದ್ದೆ ಬಟ್ಟೆಗಳು ಒಣಗಿದವು.

ಮೊದಲು ಪಂಚಾಂಗ ನೋಡಬೇಕು

ಮಲೆನಾಡಿನಲ್ಲಿ ಯಾವುದೇ ಹೊರಾಂಗಣ ಹವ್ಯಾಸವನ್ನು ಆರಿಸುವ ಮುನ್ನ ವರ್ಷವನ್ನು ಮೂರು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಅದು ಬೇಗನೆ ಇಳಿಯುವುದರಿಂದ, ಅರೆಮಲೆನಾಡಾದ ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಸಣ್ಣ ಪಾಲು ಮಾತ್ರ. ಹೀಗಾಗಿ ಆಷಾಢದಲ್ಲಿ ತೀರ್ಥಹಳ್ಳಿಯವರು ಬಾಗಿಲು ಹಾಕಿಕೊಂಡು ಕುಳಿತಿರುವಾಗಲೂ ಶಿವಮೊಗ್ಗದವರಿಗೆ ಬೆಳಗಿನ ಒಂದು ಗಂಟೆಯ ಬಿಡುವು ಆಗಾಗ ಸಿಗುತ್ತಿರುತ್ತದೆ.

ಎರಡನೆಯ ಭಾಗ ಅಕ್ಟೋಬರ್ ಮತ್ತು ನವೆಂಬರ್. ಹಸಿರು ಇನ್ನೂ ಮಾಸಿರುವುದಿಲ್ಲ, ಹಳ್ಳಗಳಲ್ಲಿ ನೀರಿರುತ್ತದೆ, ಉಂಬಳಗಳ ಕಾಟ ಇಳಿದಿರುತ್ತದೆ.

ಮೂರನೆಯದು ಡಿಸೆಂಬರ್‌ನಿಂದ ಮೇ ವರೆಗಿನ ಕಾಲ. ಹೊರಗಿನಿಂದ ಬರುವವರಿಗೆ ಇದೇ ಅತ್ಯಂತ ಹಿತವಾದ ಸಮಯವೆಂದು ತೋರುತ್ತದೆ, ಆದರೆ ಕಾಡಿನೊಳಗೆ ಓಡಾಡುವವರು ಎಚ್ಚರ ವಹಿಸಬೇಕಾದದ್ದೂ ಈಗಲೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ, ನಾವು ಮಂಗನ ಕಾಯಿಲೆ ಎಂದು ಕರೆಯುವ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ತಿಂಗಳುಗಳಲ್ಲಿ. ಒಣಗಿದ ದರಗಿನಲ್ಲಿ ಹರಿದಾಡುವ ಸಣ್ಣ ಉಣ್ಣೆಗಳು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಉಣುಗುಗಳು, ಕಚ್ಚುವುದರಿಂದ ಅದು ಮನುಷ್ಯರಿಗೆ ತಗಲುತ್ತದೆ. ಮಂಗ ಸತ್ತ ಸುದ್ದಿ ಬಂದ ಕಡೆ ಕಾಲಿಡಬಾರದು. ಉಳಿದ ಕಡೆಗೂ ಉದ್ದ ತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಸವರಿಕೊಂಡೇ ಹೋಗಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಆಮೇಲಿನ ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಇದೇ ಅವಧಿಯ ಕೊನೆಗೆ ಕಾಡ್ಗಿಚ್ಚಿನ ಭಯವಿರುವುದರಿಂದ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚುವುದೂ ಉಂಟು.

ಚಾರಣ: ಹೆಸರು ದೊಡ್ಡದು, ಕಾಲಾವಧಿ ಚಿಕ್ಕದು

ಮೇಲಿನ ಲೆಕ್ಕವನ್ನು ಕೂಡಿ ಕಳೆದರೆ, ನಮ್ಮಲ್ಲಿ ಚಾರಣಕ್ಕೆ ನಿಶ್ಚಿಂತೆಯಿಂದ ಸಿಗುವುದು ವರ್ಷದಲ್ಲಿ ಎರಡು ತಿಂಗಳು. ಹಾಗಾಗಿ ಚಾರಣವನ್ನು ಏಕೈಕ ಹವ್ಯಾಸವಾಗಿ ನೆಚ್ಚಿಕೊಳ್ಳುವುದನ್ನು ನಾನು ಸಲಹೆ ಮಾಡುವುದಿಲ್ಲ. ಬೇರೆ ಯಾವುದೋ ಚಟುವಟಿಕೆಯಿಂದ ಹದಗೊಂಡ ಮೈಗೆ ವರ್ಷಕ್ಕೆರಡು ಬಾರಿ ಹಬ್ಬದೂಟವಿದ್ದಂತೆ ಅದು ಇರಲಿ.

ಚಾರಣದೊಳಗೇ ಆಯ್ಕೆಗಳಿವೆ. 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹಿಡ್ಲುಮನೆ ಜಲಪಾತದ ಕಡೆಯಿಂದ ಕಾಲ್ನಡಿಗೆಯಲ್ಲಿ ಏರುವುದಕ್ಕೆ ಒಳ್ಳೆಯ ಉಸಿರೂ ಇಡೀ ದಿನದ ಬಿಡುವೂ ಬೇಕು. ಜೀಪಿನಲ್ಲಿ ಹೋಗುವವರಿಗೆ ನಡಿಗೆ ತಪ್ಪುತ್ತದೆ, ಆದರೆ ಆ ಕೊರಕಲು ದಾರಿಯ ಕುಲುಕಾಟ ಸೊಂಟಕ್ಕೆ ನಡಿಗೆಗಿಂತ ಕಷ್ಟ. ಹೊರಡುವ ಮುನ್ನ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ಅನುಮತಿ ಪಡೆಯಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಇದಕ್ಕೆ ಪೂರ್ತಿ ವಿರುದ್ಧ. ಗದ್ದೆಯಂಚಿನಿಂದ ಕಲ್ಲುಹಾಸಿನ ದಾರಿಯಲ್ಲಿ ನಿಧಾನವಾಗಿ ಏರುತ್ತಾ, ಕೆಳದಿ ನಾಯಕರ ಕೋಟೆಯ ಒಂದೊಂದೇ ಸುತ್ತಿನ ಬಾಗಿಲು ದಾಟುತ್ತಾ ಹೋಗುವ ನಡಿಗೆಯಾದ್ದರಿಂದ ಎಂಟು ವರ್ಷದ ಮಗುವೂ ಅರವತ್ತರ ಅಜ್ಜಿಯೂ ಒಟ್ಟಿಗೆ ಹೋಗಬಹುದು. ದಣಿದರೆ ಪ್ರತಿ ಬಾಗಿಲಲ್ಲೂ ಕೂರಲು ಜಾಗವಿದೆ. ಆಗುಂಬೆ ಬಳಿಯ ಕುಂದಾದ್ರಿಯಲ್ಲಿ ವಾಹನ ಬಹುತೇಕ ನೆತ್ತಿಯವರೆಗೆ ಹೋಗುವುದರಿಂದ ಅದನ್ನು ಚಾರಣವೆನ್ನುವುದು ಕಷ್ಟ, ಆದರೆ ಬುಡದಿಂದಲೇ ರಸ್ತೆ ಹಿಡಿದು ನಡೆಯುವವರಿಗೆ ಯಾರ ಅಡ್ಡಿಯೂ ಇಲ್ಲ. ಮೊದಲ ಸಲ ಹೋಗುವವರು ಕವಲೇದುರ್ಗದಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

ಯಾರೊಂದಿಗೆ ಹೋಗುವುದು ಎಂಬುದು ಎಲ್ಲಿಗೆ ಎಂಬುದರಷ್ಟೇ ಮುಖ್ಯ. ಕೆಲವು ವರ್ಷಗಳ ಹಿಂದೆ ಹಣ ಕಟ್ಟಿಸಿಕೊಂಡು ಕರೆದೊಯ್ಯುವ ತಂಡವೊಂದರ ಜೊತೆ ನಾನು ಕೊಡಚಾದ್ರಿಗೆ ಹೋಗಿದ್ದೆ. ನಲವತ್ತಕ್ಕೂ ಹೆಚ್ಚು ಜನರಿದ್ದರು, ಹಾದಿಯುದ್ದಕ್ಕೂ ಬ್ಲೂಟೂತ್ ಸ್ಪೀಕರ್ ಅರಚುತ್ತಿತ್ತು, ಇಳಿಯುವಾಗ ತಲೆ ಎಣಿಸುವ ವ್ಯವಸ್ಥೆಯೇ ಇರಲಿಲ್ಲ. ಹಿಂದುಳಿದ ಇಬ್ಬರು ಹುಡುಗಿಯರು ಕತ್ತಲಾದ ಮೇಲೆ ಮೊಬೈಲ್ ಬೆಳಕಿನಲ್ಲಿ ಕೆಳಗಿಳಿದರು. ಅಂದಿನಿಂದ ಹೊರಡುವ ಮುನ್ನ ನಾನು ಕೇಳುವ ಪ್ರಶ್ನೆಗಳು ಎರಡೇ: ಹದಿನೈದು ಜನರಿಗೆ ಒಬ್ಬರಾದರೂ ಹಾದಿ ಬಲ್ಲವರಿದ್ದಾರೆಯೇ, ಎಲ್ಲರ ಹಿಂದೆ ಬರುವವರು ಯಾರು? ಈ ಎರಡನೆಯ ಪ್ರಶ್ನೆಗೆ ತಡವರಿಸುವ ತಂಡದ ಜೊತೆ ಹೋಗದಿರುವುದೇ ಕ್ಷೇಮ.

ಸೈಕಲ್ ಮತ್ತು ನಡಿಗೆ

ನಗರವಾಸಿಗಳಿಗೆ ಇವೆರಡರ ದೊಡ್ಡ ಅನುಕೂಲವೆಂದರೆ ಮನೆಯ ಗೇಟಿನಿಂದಲೇ ಶುರುವಾಗುವುದು. ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನೆಹರೂ ಕ್ರೀಡಾಂಗಣವೋ ಹಳೆಯ ಜೈಲಿನ ಆವರಣದಲ್ಲಿರುವ ಫ್ರೀಡಂ ಪಾರ್ಕೋ ತುಂಗೆಯ ದಡವೋ, ಹತ್ತಿರದ್ದು ಯಾವುದೋ ಅದೇ ಉತ್ತಮ.

ಸೈಕಲ್ಲಿಗೆ ಬಂದರೆ, ಶಿವಮೊಗ್ಗ ಬಹುಮಟ್ಟಿಗೆ ಸಮತಟ್ಟಾದ ಊರು. ಸಾಗರ, ತೀರ್ಥಹಳ್ಳಿಗಳ ಏರಿಳಿತ ಇಲ್ಲಿಲ್ಲ. ಭಾನುವಾರದ ಸವಾರಿಗೆ ಎರಡು ದಾರಿಗಳು ಪ್ರಸಿದ್ಧ. ಒಂದು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಅಣೆಕಟ್ಟಿನ ಪಕ್ಕದಿಂದ ಸಾಗಿ, ಸುಮಾರು 14 ಕಿಲೋಮೀಟರ್ ದೂರದ ಸಕ್ರೆಬೈಲು ಆನೆ ಬಿಡಾರಕ್ಕೆ. ಇನ್ನೊಂದು ತುಂಗೆ ಮತ್ತು ಭದ್ರೆ ಒಂದಾಗುವ ಕೂಡ್ಲಿಗೆ, ಅದೂ ಹೆಚ್ಚುಕಡಿಮೆ ಅಷ್ಟೇ ದೂರ. ಸಕ್ರೆಬೈಲಿನ ದಾರಿ ನೆರಳಿನದು, ನೋಟ ಚಂದ, ಬೆಳಗಿನ ಹೊತ್ತು ತಲುಪಿದರೆ ಆನೆಗಳು ಹೊಳೆಯಲ್ಲಿ ಮೀಯುವುದನ್ನೂ ಕಾಣಬಹುದು. ಆದರೆ ಅದು ಮಂಗಳೂರಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಲಾರಿ, ಬಸ್ಸುಗಳು ತಿರುವುಗಳಲ್ಲಿಯೂ ವೇಗ ತಗ್ಗಿಸುವುದಿಲ್ಲ. ಕೂಡ್ಲಿಯ ಕಡೆ ಗದ್ದೆ ತೋಟಗಳ ನಡುವಿನ ದಾರಿ, ಸಂಚಾರ ಕಡಿಮೆ, ಬಿಸಿಲು ಜಾಸ್ತಿ. ಕೊನೆಯಲ್ಲಿ ಹೊಯ್ಸಳ ಕಾಲದ ರಾಮೇಶ್ವರ ದೇವಾಲಯದ ತಂಪಿನಲ್ಲಿ ದಣಿವಾರಿಸಿಕೊಳ್ಳಬಹುದು. ಹೊಸಬರು, ಮಕ್ಕಳನ್ನು ಕರೆದೊಯ್ಯುವವರು ಕೂಡ್ಲಿಯನ್ನೇ ಆರಿಸಲಿ. ಹೆದ್ದಾರಿಗೆ ಇಳಿಯುವವರಿಗೆ ಹೆಲ್ಮೆಟ್ ಮತ್ತು ಹಿಂಬದಿಯ ಕೆಂಪು ದೀಪ ಹಗಲಿನಲ್ಲೂ ಬೇಕು.

ಸೈಕಲ್ಲಿನ ದೋಷವೆಂದರೆ ಮಳೆ. ಮಳೆಯಂಗಿ ತೊಟ್ಟು ತುಳಿಯುವವರು ನಮ್ಮಲ್ಲಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ, ಅಸೂಯೆಯಿಲ್ಲ.

ಹಕ್ಕಿ ನೋಡುವುದು: ಎಲ್ಲ ಅಳತೆಗೋಲಿಗೂ ನಿಲ್ಲುವ ಹವ್ಯಾಸ

ಒಂದನ್ನೇ ಆರಿಸಿಕೊಳ್ಳಿ ಎಂದು ಯಾರಾದರೂ ಒತ್ತಾಯ ಮಾಡಿದರೆ ನಾನು ಹೇಳುವುದು ಪಕ್ಷಿವೀಕ್ಷಣೆಯ ಹೆಸರನ್ನು. ಇದಕ್ಕೆ ವಯಸ್ಸಿನ ಮಿತಿಯಿಲ್ಲ, ಮಂಡಿನೋವು ಅಡ್ಡ ಬರುವುದಿಲ್ಲ, ಮಳೆ ಬಂದರೆ ಜಗಲಿಯಲ್ಲಿ ಕುಳಿತೇ ಮುಂದುವರಿಸಬಹುದು. ಅಡಿಕೆ ತೋಟದ ಅಂಚಿನಲ್ಲಿ ಮನೆಯಿರುವವರಿಗಂತೂ ಬೇರೆಲ್ಲೂ ಹೋಗುವ ಅಗತ್ಯವೇ ಇಲ್ಲ: ಕಾಜಾಣ, ಮರಕುಟಿಗ, ಮಂಗಟ್ಟೆ, ಬೆಳಗಿನ ಜಾವ ಮನುಷ್ಯರಂತೆ ಶಿಳ್ಳೆ ಹಾಕುವ ಸರಳೆ ಸಿಳ್ಳಾರ, ಎಲ್ಲವೂ ತಾವಾಗಿಯೇ ಬರುತ್ತವೆ. ಬೇಕಾದದ್ದು ಒಂದು ದುರ್ಬೀನು, ಒಂದು ನೋಟ್‌ಬುಕ್ಕು. ದುರ್ಬೀನು ಕೊಳ್ಳುವಾಗ ಅದರ ಮೇಲೆ 8×42, ಅಂದರೆ ಎಂಟು ಪಟ್ಟು ಹಿಗ್ಗಿಸುವ 42 ಮಿಲಿಮೀಟರ್ ಮಸೂರದ್ದು, ಎಂದಿರುವುದನ್ನು ನೋಡಿ ಕೊಳ್ಳಬೇಕು. ಮಲೆನಾಡಿನ ಮಬ್ಬು ಬೆಳಕಿಗೆ ದೊಡ್ಡ ಮಸೂರವೇ ಸರಿ. ಹೆಚ್ಚು ಹತ್ತಿರ ತೋರಿಸುತ್ತದೆಂದು 12 ಅಥವಾ 20 ಪಟ್ಟಿನದನ್ನು ಕೊಂಡವರು ಕೈನಡುಕದಿಂದಾಗಿ ಹಕ್ಕಿಯ ಬದಲು ಹಸಿರು ಅಲೆಗಳನ್ನಷ್ಟೇ ನೋಡುತ್ತಾರೆ.

ಉಳಿದ ಹವ್ಯಾಸಗಳಿಗೆ ಶತ್ರುವಾದ ಮಳೆಗಾಲವೇ ಇದಕ್ಕೆ ಸುಗ್ಗಿ ಎಂಬುದು ಇನ್ನೊಂದು ವಿಶೇಷ. ತೀರ್ಥಹಳ್ಳಿ ರಸ್ತೆಯಲ್ಲಿ ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ. ಹೊಳೆ ತುಂಬಿ ಮರಗಳ ಸೊಂಟದವರೆಗೆ ನೀರು ಬಂದಿರುವಾಗ ಮೇಲಿನ ಕೊಂಬೆಗಳಲ್ಲಿ ಸಂಸಾರ ನಡೆದಿರುತ್ತದೆ. ರಸ್ತೆಯ ಪಕ್ಕದಲ್ಲಿರುವ ವೀಕ್ಷಣಾ ಗೋಪುರದಿಂದಲೇ ಕಾಣುವುದರಿಂದ ನಡೆಯಲಾಗದ ಹಿರಿಯರನ್ನೂ ಕರೆದೊಯ್ಯಬಹುದು. ಸೊರಬ ತಾಲ್ಲೂಕಿನ ಗುಡವಿಯದು ಕೆರೆ. ಅಲ್ಲಿ ಬಿಳಿ ಕೆಂಬರಲುಗಳು ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿನ ಗದ್ದಲ ನೋಡುವಂಥದ್ದು. ಶಿವಮೊಗ್ಗದವರಿಗೆ ಮಂಡಗದ್ದೆ ಅರ್ಧ ದಿನದ ಕೆಲಸ, ಗುಡವಿ ಇಡೀ ದಿನದ್ದು. ಸಾಗರ, ಸೊರಬದವರಿಗೆ ಈ ಲೆಕ್ಕ ತಿರುವುಮುರುವು.

ಒಂಟಿಯಾಗಿ ಮಾಡುವ ಹವ್ಯಾಸವಾದ್ದರಿಂದ 'ಯಾಕೆ ಬರಲಿಲ್ಲ' ಎನ್ನುವವರು ಇಲ್ಲಿರುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉಪಾಯವೆಂದರೆ ಲೆಕ್ಕ ಇಡುವುದು. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಕಂಡ ಹಾಗೂ ಕೇಳಿದ ಹಕ್ಕಿಗಳನ್ನು ಎಣಿಸಿ, ಈಬರ್ಡ್ ಎಂಬ ಆ್ಯಪ್‌ನಲ್ಲಿ ದಾಖಲಿಸಿದರೆ ಆಯಿತು. ಶುಲ್ಕವಿಲ್ಲ, ಪದವಿಯೂ ಬೇಕಿಲ್ಲ. ನಮ್ಮ ಬೀದಿಯ ನಾಲ್ಕು ಮನೆಯವರು ಮೊದಲ ವರ್ಷ ಮಕ್ಕಳ ಒತ್ತಾಯಕ್ಕೆ ಇದನ್ನು ಮಾಡಿದರು. ಈಗ ತಿಂಗಳಿಗೊಂದು ಭಾನುವಾರ ಕೆರೆಯ ಏರಿ ಮೇಲೆ ಸೇರುತ್ತೇವೆ. ಹಿಂದಿರುಗುವಾಗ ಒಬ್ಬರ ಮನೆಯಲ್ಲಿ ಕಡುಬು, ಚಟ್ನಿ ಇರುತ್ತದೆ ಎಂಬುದೂ ಹಾಜರಾತಿಗೆ ಒಂದು ಕಾರಣವಿರಬಹುದು.

ಡೊಳ್ಳು, ತಾಳಮದ್ದಳೆ, ರಂಗಭೂಮಿ

ಕಾಡು, ಹೊಳೆ ಒಗ್ಗದವರಿಗೆ ಮಲೆನಾಡು ಬೇರೆ ಬಾಗಿಲನ್ನು ತೆರೆದಿಟ್ಟಿದೆ. ಇಲ್ಲಿ ನೋಡುವವರಾಗುವುದಕ್ಕೂ ಮಾಡುವವರಾಗುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಯಕ್ಷಗಾನದ ಬಯಲಾಟಗಳು ನಡೆಯುವುದು ಮಳೆ ನಿಂತ ಮೇಲಿನಿಂದ ಮತ್ತೆ ಮಳೆ ಹಿಡಿಯುವವರೆಗೆ. ಮಳೆಗಾಲದಲ್ಲಿ ವೇಷ, ಕುಣಿತಗಳಿಲ್ಲದೆ ಮಾತು ಮತ್ತು ಭಾಗವತಿಕೆಯಲ್ಲೇ ನಡೆಯುವ ತಾಳಮದ್ದಳೆಯ ಕೂಟಗಳು ಹೆಚ್ಚು. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ, 1985ರಿಂದ ತಿರುಗಾಟದ ಮೂಲಕ ನಾಟಕಗಳನ್ನು ನಾಡಿನ ಊರೂರಿಗೆ ಒಯ್ಯುತ್ತಿದೆ, ಶಿವಮೊಗ್ಗದಲ್ಲಿ ರಂಗಾಯಣವಿದೆ. ಇವುಗಳ ಪ್ರೇಕ್ಷಕರಾಗುವುದು ಸಂತೋಷದ ವಿಷಯ, ಆದರೆ ಬೆನ್ನು ಮತ್ತು ಕಾಲುಗಳ ದೃಷ್ಟಿಯಿಂದ ಅದೂ ಕುಳಿತುಕೊಳ್ಳುವುದೇ.

ಮೈಗೆ ಕೆಲಸ ಕೊಡುವುದು ಡೊಳ್ಳು. ಹಾಲುಮತದವರು ಬೀರೇಶ್ವರನ ಸೇವೆಯಾಗಿ ಉಳಿಸಿಕೊಂಡು ಬಂದ ಈ ಕುಣಿತ ಇಂದು ಜಿಲ್ಲೆಯ ಅನೇಕ ಊರುಗಳಲ್ಲಿ ಯುವಕ ಸಂಘಗಳ, ಸಾಗರದ ಸುತ್ತಮುತ್ತ ಮಹಿಳಾ ತಂಡಗಳ ಕಲೆಯೂ ಆಗಿದೆ. ಭಾರದ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು, ಬಾರಿಸುತ್ತಲೇ ಕುಪ್ಪಳಿಸಿ, ಬಾಗಿ, ಸುತ್ತುವುದನ್ನು ಇಪ್ಪತ್ತು ನಿಮಿಷ ಮಾಡಿದವರಿಗೆ ಜಿಮ್ಮಿನ ಅಗತ್ಯ ಕಾಣುವುದಿಲ್ಲ. ಹನ್ನೆರಡು ಜನರ ಸಾಲಿನಲ್ಲಿ ಒಬ್ಬರು ಬರದಿದ್ದರೆ ಸುತ್ತು ಕೆಡುತ್ತದೆ. ಆದ್ದರಿಂದ ಗೈರುಹಾಜರಾದವರಿಗೆ ಆ ಸಂಜೆಯೇ ಫೋನು ಬರುತ್ತದೆ. ಛಾವಣಿಯ ಕೆಳಗೆ ಅಭ್ಯಾಸ ನಡೆಯುವುದರಿಂದ ಮಳೆಯೂ ನೆಪವಾಗುವುದಿಲ್ಲ. ಸೊಂಟ, ಮಂಡಿ ಅಥವಾ ಹೃದಯದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಡೊಳ್ಳು ಹೊರಬಾರದು. ಅಂಥವರಿಗೆ, ಮತ್ತು ಓದಿನ ರುಚಿಯಿರುವವರಿಗೆ, ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ ಹೆಚ್ಚು ಸೂಕ್ತ. ಅದಕ್ಕೆ ಹೆಸರಾದ ಮತ್ತೂರು ಮತ್ತು ಹೊಸಹಳ್ಳಿಗಳು ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ಎರಡು ದಡಗಳಲ್ಲಿವೆ. 2022ರಲ್ಲಿ ಪದ್ಮಶ್ರೀ ಗೌರವ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಹೊಸಹಳ್ಳಿಯವರು.

ಕೆಸರು, ನೀರು, ನದಿಯ ದಡ

ಆಷಾಢ, ಶ್ರಾವಣಗಳಲ್ಲಿ ಊರೂರಿನ ಗದ್ದೆಗಳಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟಗಳು ನಡೆಯುತ್ತವೆ. ನಗುವಿಗೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ, ಆದರೆ ವರ್ಷಕ್ಕೊಂದು ದಿನದ್ದು. ಕಾಲಿನಲ್ಲಿ ಗಾಯವಿದ್ದವರು ಇಳಿಯಬಾರದು. ಇಲಿಯ ಮೂತ್ರ ಬೆರೆತ ನೀರಿನ ಮೂಲಕ ಇಲಿಜ್ವರ ತಗಲುವುದು ಇಂಥ ಕಡೆಯೇ. ಕೆಸರಿನ ರುಚಿ ನಿಜವಾಗಿ ಹತ್ತಿದವರು ಪರಿಚಯದ ರೈತರೊಬ್ಬರ ಗದ್ದೆಗೆ ನಟ್ಟಿಯ ದಿನ ಮುಯ್ಯಾಳಾಗಿ ಹೋಗಿ ನೋಡಬಹುದು. ಆಳು ಸಿಗದ ಈ ಕಾಲದಲ್ಲಿ ಯಾರೂ ಬೇಡವೆನ್ನುವುದಿಲ್ಲ, ಮಧ್ಯಾಹ್ನದ ಊಟವೂ ಗದ್ದೆಯಂಚಿಗೇ ಬರುತ್ತದೆ. ನಿಮ್ಮ ಸಾಲು ಸೊಟ್ಟಗಿದ್ದರೆ ಹೆಂಗಸರು ಮುಲಾಜಿಲ್ಲದೆ ಕಿತ್ತು ಮತ್ತೆ ನೆಡುತ್ತಾರೆ, ಬೇಸರ ಮಾಡಿಕೊಳ್ಳಬಾರದು.

ನೀರಿನ ಆಟ ಬೇಕೆನ್ನುವವರಿಗೆ ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ, ಲಿಂಗನಮಕ್ಕಿ ಹಿನ್ನೀರಿನ ಮೇಲೆ ತೆಪ್ಪ, ಕಯಾಕ್‌ಗಳ ಅನುಭವ ಸಿಗುತ್ತದೆ. ಲೈಫ್ ಜಾಕೆಟ್ ಕೊಡದೆ ನೀರಿಗಿಳಿಸುವ ಯಾವ ಜಾಗಕ್ಕೂ ಹೋಗಬೇಡಿ. ಬಂಡೆಗಳ ನಡುವೆ ಸೆಳೆತ ಅಡಗಿಸಿಕೊಂಡ ತುಂಗೆಯಲ್ಲಿ ಈಜು ಕಲಿಯುವ ಯೋಚನೆಯನ್ನಂತೂ ಬಿಟ್ಟುಬಿಡಬೇಕು, ಅದಕ್ಕೆ ಈಜುಕೊಳವಿದೆ.

ನದಿಯ ದಡ ಸ್ವಚ್ಛಗೊಳಿಸುವ ತಂಡಗಳ ಕೆಲಸ ಹೊರಗಿನಿಂದ ನೋಡಿದರೆ ಮೋಜಿನದೆನಿಸುವುದಿಲ್ಲ. ಎರಡು ಗಂಟೆ ಬಗ್ಗಿ ಎದ್ದು ಪ್ಲಾಸ್ಟಿಕ್ ಆರಿಸುವುದು ಮೈಗೆ ಒಳ್ಳೆಯ ವ್ಯಾಯಾಮವೇ. ಊರಿಗೆ ಹೊಸಬರಾದವರಿಗೆ ಪರಿಚಯ ಬೆಳೆಯುವ ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ನಾನು ಮೇಲೆ ಹೇಳಿದ ಡೊಳ್ಳಿನ ತಂಡ ನನಗೆ ಗೊತ್ತಾದದ್ದೂ ಇಂಥದೊಂದು ಬೆಳಗ್ಗೆ, ಕಸದ ಚೀಲದ ಇನ್ನೊಂದು ತುದಿ ಹಿಡಿದವರಿಂದ. ದಪ್ಪ ಕೈಗವಸು, ಗಮ್‌ಬೂಟು ತಪ್ಪದೆ ಬೇಕು, ಏಕೆಂದರೆ ದಡದಲ್ಲಿ ಒಡೆದ ಬಾಟಲಿಗಳು ಹೇರಳ.

ಯಾರಿಗೆ ಯಾವುದು

ಚಿಕ್ಕ ಮಕ್ಕಳಿರುವ ಮನೆಯವರು ಕೂಡ್ಲಿಯ ಸೈಕಲ್ ಸವಾರಿ ಮತ್ತು ಮಂಡಗದ್ದೆಯಿಂದ ಆರಂಭಿಸಿದರೆ ಖರ್ಚೂ ಕಡಿಮೆ, ಮಕ್ಕಳ ಗೊಣಗಾಟವೂ ಕಡಿಮೆ. ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುವ ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ ವಾರಕ್ಕೆರಡು ಸಂಜೆ ಡೊಳ್ಳು, ಅಕ್ಟೋಬರ್‌ನಲ್ಲಿ ಒಂದು ಚಾರಣ. ನಿವೃತ್ತರಿಗೆ ಬೆಳಗಿನ ನಡಿಗೆ, ಹಕ್ಕಿ ಮತ್ತು ಗಮಕ. ಊರಲ್ಲಿ ಯಾರ ಪರಿಚಯವೂ ಇಲ್ಲದವರು ಮಾತ್ರ ಯಾವ ವಯಸ್ಸಿನವರಾದರೂ ನದಿ ದಡದಿಂದ ಶುರು ಮಾಡಲಿ.

ಗಂಡ ಹೆಂಡತಿಯ ಅಭಿರುಚಿ ಬೇರೆಯಾದಾಗ ಏನು ಮಾಡುವುದೆಂದು ಕೇಳುವವರೂ ಇದ್ದಾರೆ. ನನ್ನ ಹೆಂಡತಿಗೆ ಹಕ್ಕಿ ಎಂದರೆ ಆಕಳಿಕೆ, ನನಗೆ ಡೊಳ್ಳು ಹೊರುವ ತ್ರಾಣವಿಲ್ಲ. ಮಂಗಳವಾರ ಮತ್ತು ಶುಕ್ರವಾರದ ಸಂಜೆ ಆಕೆಯನ್ನು ಅಭ್ಯಾಸದ ಜಾಗಕ್ಕೆ ಬಿಟ್ಟು, ಪಕ್ಕದ ಕೆರೆಯ ಏರಿ ಮೇಲೆ ದುರ್ಬೀನು ಹಿಡಿದು ನಿಲ್ಲುತ್ತೇನೆ. ಮೊದಲ ಪೆಟ್ಟು ಬಿದ್ದೊಡನೆ ಕೆರೆಯ ಬೆಳ್ಳಕ್ಕಿಗಳೆಲ್ಲ ಒಮ್ಮೆ ಎದ್ದು ಸುತ್ತು ಹೊಡೆಯುತ್ತವೆ, ಎಣಿಸಲು ನನಗೆ ಅದೇ ಸರಿಯಾದ ಹೊತ್ತು.